ಬೇಟೆಗೋವಿಯ ಈಡು: ಗುಂಡು ಮತ್ತು ಮದ್ದಿನ ಪ್ರಮಾಣವನ್ನು ಕುರಿತ ಒಂದು ಐತಿಹಾಸಿಕ ವಿವೇಚನೆ

ಕನ್ನಡದಲ್ಲಿ ‘ಈಡು’ ಎಂಬ ಮಾತಿಗೆ ಹಲವು ಅರ್ಥಗಳುಂಟು. ಸಾಲಕ್ಕೆ ಆಧಾರವಾಗಿ ಇಟ್ಟ ಒತ್ತೆ ಈಡು. ಒಂದಕ್ಕೆ ಇನ್ನೊಂದು ಸರಿಸಾಟಿಯಾಗಿ ನಿಲ್ಲುವುದು ಈಡು. ಬೇಟೆಗಾರನ ಮಾತಿನಲ್ಲಿ ಕೋವಿಯ ನಳಿಗೆಗೆ ಒಂದು ಸಲಕ್ಕೆ ತುಂಬುವ ಮದ್ದುಗುಂಡುಗಳೂ, ಅವುಗಳಿಂದ ಹಾರಿಸಿದ ಹೊಡೆತವೂ ಈಡು. ಬಾಯಿಂದ ಮದ್ದು ತುಂಬುವ ಹಳೆಯ ಬೇಟೆಗೋವಿಯ ಚರಿತ್ರೆಯನ್ನು ಪರಿಶೀಲಿಸಿದವರಿಗೆ ಈ ಅರ್ಥಗಳು ಪರಸ್ಪರ ದೂರದವೆಂದು ತೋರುವುದಿಲ್ಲ. ಗುಂಡಿಗೆ ಮದ್ದು ಈಡಾಗಿರಬೇಕು, ಮದ್ದಿಗೆ ನಳಿಗೆ ಈಡಾಗಿರಬೇಕು, ಇವು ಮೂರೂ ಕಾಡಿನಲ್ಲಿ ಮೃಗ ಕಾಣಿಸಿಕೊಳ್ಳುವ ದೂರಕ್ಕೆ ಈಡಾಗಿರಬೇಕು. ಈ ಹೊಂದಿಕೆ ತಪ್ಪಿದಲ್ಲಿ ಗುರಿಕಾರನ ಕಣ್ಣು ಎಷ್ಟೇ ತೀಕ್ಷ್ಣವಾಗಿದ್ದರೂ ಗುಂಡು ಹೋಗಬೇಕಾದೆಡೆಗೆ ಹೋಗದು.

ಆಯುಧಗಳ ಚರಿತ್ರೆಯನ್ನು ಸಾಮಾನ್ಯವಾಗಿ ಒಂದೇ ಏಣಿಯ ಮೆಟ್ಟಿಲುಗಳಂತೆ ಬರೆಯುವ ರೂಢಿಯಿದೆ. ಬತ್ತಿಯ ಕೋವಿಯ ಬಳಿಕ ಚಕಮಕಿ, ಚಕಮಕಿಯ ಬಳಿಕ ಕೇಪು. ದುಂಡುಗುಂಡಿನ ಬಳಿಕ ನೀಳಗುಂಡು. ಮೇಲಿನ ಮೆಟ್ಟಿಲು ಸಿಕ್ಕೊಡನೆ ಕೆಳಗಿನದು ನಿರುಪಯುಕ್ತ. ಸೈನ್ಯದ ಆಯುಧಗಳ ಮಟ್ಟಿಗೆ ಈ ಕ್ರಮವು ಸ್ಥೂಲವಾಗಿ ನಿಜ. ಆದರೆ ಬೇಟೆಯ ಕೋವಿಗೆ ಇದು ಹೊಂದಲಾರದು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ, ಯೂರೋಪಿನ ಸೈನ್ಯಗಳೆಲ್ಲವೂ ನೀಳಗುಂಡನ್ನು ಅಂಗೀಕರಿಸಿದ ಹೊತ್ತಿನಲ್ಲಿಯೇ, ಭಾರತದ ಕಾಡುಗಳಲ್ಲಿ ಅನುಭವ ಪಡೆದ ಬೇಟೆಗಾರರು ಹಳೆಯ ದುಂಡುಗುಂಡಿನ ಪಕ್ಷವನ್ನು ಸಕಾರಣವಾಗಿ ಎತ್ತಿಹಿಡಿದರು. ಆ ವಾದದ ಹಿನ್ನೆಲೆ, ಅದರ ಲೆಕ್ಕಾಚಾರ ಹಾಗೂ ಅದರ ಹಿಂದಿದ್ದ ಧರ್ಮಪ್ರಶ್ನೆ, ಈ ಮೂರನ್ನು ವಿವೇಚಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

1. ಅಳತೆಯ ಭಾಷೆ

ಇಂಗ್ಲೆಂಡಿನ ಕೋವಿಗಾರರು ನಳಿಗೆಯ ಒಳಗಾತ್ರವನ್ನು ಅಂಗುಲಗಳಲ್ಲಿ ಹೇಳದೆ ಸೀಸದ ತೂಕದಲ್ಲಿ ಹೇಳುತ್ತಿದ್ದರು. ಒಂದು ಪೌಂಡು ಶುದ್ಧ ಸೀಸವನ್ನು ಕರಗಿಸಿ ಸಮನಾದ 12 ದುಂಡುಗುಂಡುಗಳನ್ನು ಎರಕ ಹೊಯ್ದರೆ, ಅಂತಹ ಒಂದು ಗುಂಡು ಹಿಡಿಸುವ ನಳಿಗೆ 12 ಬೋರಿನದು. ಆದುದರಿಂದ ಸಂಖ್ಯೆ ಕಿರಿದಾದಷ್ಟೂ ನಳಿಗೆ ಹಿರಿದು. ಒಂದು ಪೌಂಡಿಗೆ 7,000 ಗ್ರೇನ್. ಈ ಲೆಕ್ಕದಲ್ಲಿ 16 ಬೋರಿನ ಗುಂಡಿನ ತೂಕ 437½ ಗ್ರೇನ್, ವ್ಯಾಸ 0.662 ಅಂಗುಲ; 12 ಬೋರಿನದು 583 ಗ್ರೇನ್, ವ್ಯಾಸ 0.729 ಅಂಗುಲ, 8 ಬೋರಿನದು 875 ಗ್ರೇನ್, ವ್ಯಾಸ 0.835 ಅಂಗುಲ. 16ರಿಂದ 8ಕ್ಕೆ ಬರುವಾಗ ವ್ಯಾಸವು ಹೆಚ್ಚುಕಡಮೆ ಕಾಲುಭಾಗದಷ್ಟು ಮಾತ್ರ ಬೆಳೆಯುತ್ತದೆ, ತೂಕವಾದರೋ ಇಮ್ಮಡಿಯಾಗುತ್ತದೆ.

ದುಂಡುಗುಂಡಿನ ಗುಣದೋಷಗಳೆಲ್ಲವೂ ಈ ಸರಳ ಗಣಿತದಲ್ಲಿ ಅಡಗಿವೆ. ಗಾಳಿಯ ಎದುರಿಗೆ ಬೀಳುವ ಗುಂಡಿನ ಮೈ ವ್ಯಾಸದ ವರ್ಗದಂತೆ ಬೆಳೆದರೆ, ಅದರ ತೂಕ ವ್ಯಾಸದ ಘನದಂತೆ ಬೆಳೆಯುತ್ತದೆ. ಆ ಕಾರಣ ಕಿರಿಯ ದುಂಡುಗುಂಡು ತನ್ನ ವೇಗವನ್ನು ಬೇಗನೆ ಕಳೆದುಕೊಳ್ಳುತ್ತದೆ, ಹಿರಿಯದು ಉಳಿಸಿಕೊಳ್ಳುತ್ತದೆ. ಅದೇ ಒಳಗಾತ್ರದ ನಳಿಗೆಯಿಂದ ಹೆಚ್ಚು ಭಾರವಾದ ಗುಂಡನ್ನು ಹಾರಿಸಬೇಕಾದರೆ ಗುಂಡನ್ನು ಉದ್ದಮಾಡುವುದಲ್ಲದೆ ಬೇರೆ ದಾರಿಯಿಲ್ಲ. ನೀಳಗುಂಡಿನ ಹುಟ್ಟಿಗೆ ಇದೇ ಕಾರಣ.

ಮದ್ದನ್ನು ಡ್ರಾಮ್ ಎಂಬ ಮಾನದಿಂದ ಅಳೆಯುತ್ತಿದ್ದರು. ಔನ್ಸಿನ ಹದಿನಾರನೆಯ ಒಂದು ಪಾಲು ಡ್ರಾಮ್. ಅಂದರೆ ಸುಮಾರು 27⅓ ಗ್ರೇನ್. ಕರಿಮದ್ದಿನ ಪಾಕವು ಸಾಮಾನ್ಯವಾಗಿ ನೂರಕ್ಕೆ 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಈ ಪೆಟ್ಲುಪ್ಪಿಗಾಗಿ ಈಸ್ಟ್ ಇಂಡಿಯಾ ಕಂಪನಿಯು ಬಿಹಾರದ ನೆಲವನ್ನು ಬಹುವಾಗಿ ಅವಲಂಬಿಸಿತ್ತೆಂಬುದು ಪ್ರಸಿದ್ಧವಾದ ಸಂಗತಿ. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವಾಗದೆ ಹೊಗೆಯಾಗಿಯೂ ಮಸಿಯಾಗಿಯೂ ಹೊರಬೀಳುತ್ತದೆ. ನಳಿಗೆಯೊಳಗೆ ಕಟ್ಟುವ ಈ ಮಸಿಯೇ ಬಾಯಿಂದ ತುಂಬುವ ಕೋವಿಯ ಹುಟ್ಟುಶತ್ರು. ಒಂದೆರಡು ಈಡುಗಳಾದ ಬಳಿಕ ಗುಂಡು ಒಳಗಿಳಿಯಲು ಹಟಹಿಡಿಯುತ್ತದೆ. ಬಿಗಿತ ಬದಲಾದೊಡನೆ ಗುರಿಯೂ ಬದಲಾಗುತ್ತದೆ.

2. ಕೋಟೆಯ ಇಂಜಿನಿಯರನ ಶೋಧನೆ

ಗುಂಡು ದಾರಿತಪ್ಪುವುದೇಕೆ ಎಂಬ ಪ್ರಶ್ನೆಗೆ ಪ್ರಯೋಗಪೂರ್ವಕವಾದ ಉತ್ತರವನ್ನು ಮೊದಲು ಕೊಟ್ಟವನು ಬೆಂಜಮಿನ್ ರಾಬಿನ್ಸ್ (1707–1751). 1742ರಲ್ಲಿ ಪ್ರಕಟವಾದ ಅವನ ಫಿರಂಗಿಶಾಸ್ತ್ರದ ಗ್ರಂಥವನ್ನು ಮಹಾಗಣಿತಜ್ಞ ಆಯ್ಲರನು 1745ರಲ್ಲಿ ವಿಸ್ತಾರವಾದ ಟಿಪ್ಪಣಿಗಳೊಡನೆ ಜರ್ಮನ್ ಭಾಷೆಗೆ ತಂದನೆಂದ ಮೇಲೆ ಅದರ ಘನತೆಯನ್ನು ಬೇರೆ ಹೇಳಬೇಕಾಗಿಲ್ಲ. ತೂಗುಹಾಕಿದ ಮರದ ಹಲಗೆಗೆ ಗುಂಡನ್ನು ಹೊಡೆದು, ಹಲಗೆ ಎಷ್ಟು ದೂರ ತೂಗಿತೆಂಬುದರಿಂದ ಗುಂಡಿನ ವೇಗವನ್ನು ಲೆಕ್ಕಹಾಕುವ ಉಪಾಯವನ್ನು ಅವನು ಬಳಕೆಗೆ ತಂದನು. ಈ ತೂಗುಹಲಗೆಯಿಂದ, ವೇಗವಾಗಿ ಹೋಗುವ ಗುಂಡಿಗೆ ಗಾಳಿ ಒಡ್ಡುವ ತಡೆಯು ಅಂದಿನ ಪಂಡಿತರು ಊಹಿಸಿದ್ದಕ್ಕಿಂತ ಬಹು ಹೆಚ್ಚಿನದೆಂದು ಸಿದ್ಧವಾಯಿತು.

ಅವನ ಎರಡನೆಯ ಶೋಧನೆ ಇನ್ನೂ ಮುಖ್ಯವಾದುದು. ನುಣುಪು ನಳಿಗೆಯಲ್ಲಿ ಗುಂಡು ಸಡಿಲವಾಗಿ ಕೂರುತ್ತದೆ. ಹೊರಬೀಳುವಾಗ ನಳಿಗೆಯ ಯಾವುದಾದರೊಂದು ಮಗ್ಗುಲಿಗೆ ಉಜ್ಜಿಕೊಂಡು, ಆ ಉಜ್ಜುವಿಕೆಯಿಂದ ಬುಗುರಿಯಂತೆ ಸುತ್ತತೊಡಗುತ್ತದೆ. ಯಾವ ಕಡೆಗೆ ಸುತ್ತುವುದೆಂಬ ನಿಯಮವಿಲ್ಲವಾದ್ದರಿಂದ ಯಾವ ಕಡೆಗೆ ಹೊರಳುವುದೆಂಬ ನಿಯಮವೂ ಇಲ್ಲ. ಇದನ್ನು ಸ್ಥಾಪಿಸಲು ರಾಬಿನ್ಸನು ಒಂದು ನಳಿಗೆಯ ತುದಿಯನ್ನು ಎಡಕ್ಕೆ ಬಾಗಿಸಿ ಗುಂಡು ಹಾರಿಸಿದನು. ಗುಂಡು ಮೊದಲು ಎಡಕ್ಕೆ ಹೋಗಿ, ಬಳಿಕ ಬಲಕ್ಕೆ ಹೊರಳಿತು. ಬಾಗಿದ ನಳಿಗೆಯ ಬಲಮಗ್ಗುಲನ್ನು ಉಜ್ಜಿಕೊಂಡು ಬಂದುದರಿಂದ ಅದು ಪಡೆದ ಸುತ್ತೇ ಅದಕ್ಕೆ ಕಾರಣವೆಂದು ಅವನು ವಿವರಿಸಿದನು. ಸುತ್ತನ್ನು ತಪ್ಪಿಸಲಾಗದಿದ್ದರೆ ಅದನ್ನು ವಶಪಡಿಸಿಕೊಳ್ಳಬೇಕು. ನಳಿಗೆಯೊಳಗೆ ತಿರುಪಿನಾಕಾರದ ತೋಡುಗಳನ್ನು ಕೊರೆದು, ಗುಂಡು ತನ್ನ ದಾರಿಯನ್ನೇ ಅಚ್ಚಾಗಿ ಮಾಡಿಕೊಂಡು ಸುತ್ತುವಂತೆ ಮಾಡಿದರೆ ಅದು ನೇರವಾಗಿ ಹೋಗುತ್ತದೆ. ಇಂತಹ ತಿರುಪುತೋಡಿನ ಕೋವಿಯೇ ರೈಫಲ್. ಜರ್ಮನಿಯ ಬೇಟೆಗಾರರು ಇದನ್ನು ಬಹು ಹಿಂದಿನಿಂದಲೂ ಬಳಸುತ್ತಿದ್ದರಾದರೂ, ಅದು ಏಕೆ ನೇರವಾಗಿ ಹೊಡೆಯುತ್ತದೆಂಬ ಕಾರಣವನ್ನು ತಿಳಿಸಿಕೊಟ್ಟ ಕೀರ್ತಿ ರಾಬಿನ್ಸನದು.

ಈ ವಿದ್ವಾಂಸನ ಬಾಳಿನ ಕೊನೆ ದಕ್ಷಿಣ ಭಾರತದಲ್ಲಿ ಆಯಿತೆಂಬುದು ಗಮನಾರ್ಹ. ಕಂಪನಿಯ ಕೋಟೆಗಳನ್ನು ಭದ್ರಪಡಿಸುವ ಇಂಜಿನಿಯರಾಗಿ ಅವನು 1750ರಲ್ಲಿ ಇಲ್ಲಿಗೆ ಬಂದು, ಮರುವರ್ಷವೇ ಕಡಲೂರಿನ ಸಮೀಪದ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ತೀರಿಕೊಂಡನು.

3. ಸಿಪಾಯಿಯ ಗುಂಡು, ಬೇಟೆಗಾರನ ಗುಂಡು

ಸೈನ್ಯಕ್ಕೆ ಬೇಕಾದುದು ಬೇಗ ತುಂಬುವ ಕೋವಿ. ಬ್ರಿಟಿಷ್ ಸಿಪಾಯಿಯ ‘ಬ್ರೌನ್ ಬೆಸ್’ ಕೋವಿಯ ನಳಿಗೆ ಸುಮಾರು 0.75 ಅಂಗುಲ, ಗುಂಡು ಸುಮಾರು 0.69 ಅಂಗುಲ. ಮಸಿ ಕಟ್ಟಿದರೂ ಗುಂಡು ತಾನಾಗಿ ಜಾರಿ ಇಳಿಯಲೆಂದೇ ಇಷ್ಟು ಸಡಿಲ ಬಿಟ್ಟಿತ್ತು. ಸಾಲಾಗಿ ನಿಂತ ಶತ್ರುಸೇನೆಯ ಮೇಲೆ ಸಾಲಾಗಿ ನಿಂತು ಹೊಡೆಯುವವರಿಗೆ ಒಂದೊಂದು ಗುಂಡಿನ ಗತಿ ಮುಖ್ಯವಾಗಿರಲಿಲ್ಲ. ಬೇಟೆಗಾರನ ಸ್ಥಿತಿ ಇದಕ್ಕೆ ವಿರುದ್ಧ. ಅವನ ಮುಂದಿರುವುದು ಒಂದೇ ಮೃಗ. ದೊರೆಯುವುದು ಬಹುಶಃ ಒಂದೇ ಈಡು. ಆದುದರಿಂದ ಅವನು ನಿಧಾನವಾಗಿ ತುಂಬಲು ಒಪ್ಪಿ ಬಿಗಿಯಾದ ಗುಂಡನ್ನು ಆರಿಸಿದನು. ನಳಿಗೆಗಿಂತ ಕೂದಲೆಳೆಯಷ್ಟು ಕಿರಿದಾದ ಗುಂಡನ್ನು ಎಣ್ಣೆಯಲ್ಲಿಯೋ ಕೊಬ್ಬಿನಲ್ಲಿಯೋ ನೆನೆಸಿದ ಬಟ್ಟೆಯ ಅಥವಾ ತೆಳುತೊಗಲಿನ ತುಂಡಿನಲ್ಲಿ ಸುತ್ತಿ ಗಜಕೋಲಿನಿಂದ ಇಳಿಸುತ್ತಿದ್ದನು. ತೋಡನ್ನು ಹಿಡಿಯುವುದು ಈ ಬಟ್ಟೆ. ಬಟ್ಟೆಯೊಡನೆ ಗುಂಡು ಸುತ್ತುತ್ತದೆ. ಬಾಯಿ ದಾಟಿದೊಡನೆ ಬಟ್ಟೆ ಕಳಚಿ ಬೀಳುತ್ತದೆ. ನಳಿಗೆಯ ಮಸಿಯನ್ನು ಮೆದುವಾಗಿಡುವುದೂ ಇದೇ ಜಿಡ್ಡಿನ ಬಟ್ಟೆಯ ಕೆಲಸ.

1800ರಲ್ಲಿ ಬ್ರಿಟಿಷ್ ಸೈನ್ಯದ ಕೆಲವು ತುಕಡಿಗಳಿಗೆ ಬಂದ ಎಜೆಕಿಯಲ್ ಬೇಕರನ ರೈಫಲ್ ಈ ಬಗೆಯದು. ಅದರ 30 ಅಂಗುಲದ ನಳಿಗೆಯಲ್ಲಿ ತೋಡುಗಳು ಕಾಲುಸುತ್ತು ಮಾತ್ರ ತಿರುಗುತ್ತಿದ್ದವು. ಆದರೆ ತುಂಬುವ ನಿಧಾನವೇ ರೈಫಲನ್ನು ಸಾಮಾನ್ಯ ಸಿಪಾಯಿಯಿಂದ ದೂರವಿರಿಸಿತು. ಈ ತೊಡಕನ್ನು ಬಿಡಿಸಿದುದು 1849ರಲ್ಲಿ ಫ್ರಾನ್ಸಿನ ಮಿನಿಯೆ ರೂಪಿಸಿದ ನೀಳಗುಂಡು. ಇದು ಸಡಿಲವಾಗಿಯೇ ಒಳಗಿಳಿಯುತ್ತದೆ. ಮದ್ದು ಸಿಡಿದಾಗ ಟೊಳ್ಳಾದ ಬುಡವು ಉಬ್ಬಿ ತೋಡುಗಳನ್ನು ಕಚ್ಚುತ್ತದೆ. ಈ ತತ್ತ್ವದ ಮೇಲೆ ರಚಿತವಾದುದೇ 1853ರ ಎನ್‌ಫೀಲ್ಡ್ ರೈಫಲ್. ನಳಿಗೆ 0.577 ಅಂಗುಲ, ಗುಂಡು ಸುಮಾರು 530 ಗ್ರೇನ್, ಮದ್ದು 2½ ಡ್ರಾಮ್, ಸುತ್ತು 78 ಅಂಗುಲಕ್ಕೆ ಒಂದು. ಈ ಕೋವಿಗೂ ಜಿಡ್ಡಿನ ಹಂಗು ತಪ್ಪಲಿಲ್ಲ. ಅದರ ತೋಟಾಕ್ಕೆ ಬಳಿದ ಕೊಬ್ಬು ಯಾವ ಪ್ರಾಣಿಯದೆಂಬ ಶಂಕೆಯು 1857ರಲ್ಲಿ ಯಾವ ಕಿಡಿಯನ್ನು ಹೊತ್ತಿಸಿತೆಂಬುದು ಎಲ್ಲರೂ ಬಲ್ಲ ವಿಷಯ. ಕರಿಮದ್ದಿನ ಮಸಿಯು ಭಾರತದ ಚರಿತ್ರೆಯ ಪುಟವನ್ನೂ ಹೀಗೆ ಮುಟ್ಟಿತು.

ಎನ್‌ಫೀಲ್ಡಿನಲ್ಲಿ ಮದ್ದಿನ ತೂಕ ಗುಂಡಿನ ತೂಕದ ಎಂಟನೆಯ ಒಂದು ಪಾಲಿಗೆ ಸಮೀಪವಾದುದು. ಗುಂಡು ಭಾರ, ಮದ್ದು ಕಡಮೆ. ಆದುದರಿಂದ ಹೊರಡುವ ವೇಗ ಮಂದ. ನೀಳಗುಂಡು ತನ್ನ ವೇಗವನ್ನು ಬಹುದೂರ ಉಳಿಸಿಕೊಳ್ಳುವುದರಿಂದ ನೂರಾರು ಗಜಗಳಾಚೆಯ ಶತ್ರುಸಮೂಹವನ್ನು ಕಮಾನಿನಾಕಾರದ ಪಥದಿಂದ ಮುಟ್ಟಬಲ್ಲದು. ಸಿಂಧ್ ಪ್ರಾಂತದ ಜನರಲ್ ಜಾನ್ ಜೇಕಬ್ (1812–1858) ನಾಲ್ಕು ತೋಡಿನ ರೈಫಲನ್ನೂ ಅದಕ್ಕೊಪ್ಪುವ ನೀಳಗುಂಡನ್ನೂ ರೂಪಿಸಿ ಈ ದೂರವನ್ನು ಇನ್ನೂ ಬೆಳೆಸಲು ಶ್ರಮಿಸಿದನು. ಬಯಲಿನ ಯುದ್ಧಕ್ಕೆ ಇದೆಲ್ಲ ಸರಿಯೇ. ಕಾಡಿನ ಮರೆಯಲ್ಲಿ ನೂರು ಗಜದೊಳಗೆ ಕ್ಷಣಮಾತ್ರ ಕಾಣಿಸಿ ಮಾಯವಾಗುವ ಕಡವೆಗೆ ಇದು ಸರಿಯೆ? ಇದೇ ಪ್ರಶ್ನೆ.

4. ಫಾರ್ಸೈತನ ವಾದ

ಈ ಪ್ರಶ್ನೆಯನ್ನು ವ್ಯವಸ್ಥಿತವಾಗಿ ಎತ್ತಿಕೊಂಡವನು ಬಂಗಾಳ ಸ್ಟಾಫ್ ಕೋರಿನ ಅಧಿಕಾರಿ ಜೇಮ್ಸ್ ಫಾರ್ಸೈತ್ (1838–1871). ಕೇಪಿನ ಕೋವಿಗೆ ಮೂಲವಾದ ಸಿಡಿಮದ್ದಿನ ಉಪಾಯಕ್ಕೆ 1807ರಲ್ಲಿ ಹಕ್ಕುಪತ್ರ ಪಡೆದ ಸ್ಕಾಟ್ಲೆಂಡಿನ ಪಾದ್ರಿ ಅಲೆಗ್ಸಾಂಡರ್ ಫಾರ್ಸೈತನೇ ಬೇರೆ, ಇವನೇ ಬೇರೆ. ಮಧ್ಯಪ್ರಾಂತದ ಅರಣ್ಯ ಮತ್ತು ಕಂದಾಯದ ಕೆಲಸಗಳಲ್ಲಿ ಸಾತ್ಪುರ ಬೆಟ್ಟಗಳನ್ನು ಸುತ್ತಿದ ಈತನ ಹೆಸರು ಪಚ್‌ಮಡಿಯ ಗಿರಿಧಾಮದೊಡನೆ ಇಂದಿಗೂ ಸೇರಿಕೊಂಡಿದೆ. ಮಧ್ಯಭಾರತದ ಬೆಟ್ಟನಾಡುಗಳನ್ನು ವರ್ಣಿಸುವ ಇವನ ಪ್ರಸಿದ್ಧ ಗ್ರಂಥವು ಇವನು ತೀರಿಕೊಂಡ 1871ರಲ್ಲಿಯೇ ಬೆಳಕು ಕಂಡಿತು. ಅದಕ್ಕೆ ಮೊದಲು, 1863ರಲ್ಲಿ, ಬೇಟೆಯ ರೈಫಲ್ ಮತ್ತು ಅದರ ಗುಂಡುಗಳನ್ನು ಕುರಿತು ಇವನು ಬರೆದ ಚಿಕ್ಕ ಪುಸ್ತಕವು ಕೋವಿಗಾರರ ನಡುವೆ ದೊಡ್ಡ ಚರ್ಚೆಯನ್ನೆಬ್ಬಿಸಿ, 1867ರಲ್ಲಿ ಎರಡನೆಯ ಮುದ್ರಣ ಪಡೆಯಿತು.

ಫಾರ್ಸೈತನ ವಾದದ ತಿರುಳು ಇಷ್ಟು. ಕಾಡಿನಲ್ಲಿ ಈಡು ಹಾರುವುದು ಬಹುಪಾಲು 150 ಗಜದೊಳಗೆ. ಅಲ್ಲಿ ದೂರವನ್ನು ಅಳೆಯಲು ಕಾಲವಿಲ್ಲ; ಕಣ್ಣಂದಾಜೇ ಗತಿ. ಅಂದಾಜು ತಪ್ಪಿದರೂ ಗುಂಡು ತಪ್ಪದಿರಬೇಕಾದರೆ ಗುಂಡಿನ ಪಥವು ಆದಷ್ಟು ಚಪ್ಪಟೆಯಾಗಿರಬೇಕು, ಅಂದರೆ ವೇಗ ಹೆಚ್ಚಿರಬೇಕು. ವೇಗ ಹೆಚ್ಚಲು ಗುಂಡಿನ ತೂಕಕ್ಕೆ ಹೋಲಿಸಿದರೆ ಮದ್ದು ಧಾರಾಳವಾಗಿರಬೇಕು. ಅದೇ ನಳಿಗೆಗೆ ನೀಳಗುಂಡಿಗಿಂತ ದುಂಡುಗುಂಡು ಹಗುರವಾದ್ದರಿಂದ, ಹೆಗಲು ತಾಳಬಲ್ಲ ಒದೆತದೊಳಗೆ ಅತಿ ಹೆಚ್ಚಿನ ವೇಗವನ್ನು ಕೊಡಬಲ್ಲುದು ದುಂಡುಗುಂಡೇ.

ಇದರ ಬೆಲೆಯನ್ನು ಒಂದು ಲೆಕ್ಕದಿಂದ ಸ್ಪಷ್ಟಪಡಿಸಬಹುದು. ನೂರು ಗಜವನ್ನು ಸೆಕೆಂಡಿನ ಐದನೆಯ ಒಂದು ಪಾಲಿನಲ್ಲಿ ದಾಟುವ ಗುಂಡು ಅಷ್ಟರಲ್ಲಿ ಭೂಮಿಯ ಸೆಳೆತಕ್ಕೆ ಎಂಟು ಅಂಗುಲಕ್ಕಿಂತ ಕಡಮೆ ಬೀಳುತ್ತದೆ. ಮೂರನೆಯ ಒಂದು ಪಾಲು ತೆಗೆದುಕೊಳ್ಳುವ ಗುಂಡು 21 ಅಂಗುಲಕ್ಕಿಂತ ಹೆಚ್ಚು ಬೀಳುತ್ತದೆ. ಎರಡು ಕೋವಿಗಳ ಗುರಿಕಟ್ಟನ್ನೂ 80 ಗಜಕ್ಕೆ ಹೊಂದಿಸಿದೆಯೆಂದೂ, ಮೃಗವು ನಿಜವಾಗಿ 120 ಗಜದಲ್ಲಿ ನಿಂತಿದೆಯೆಂದೂ ಇಟ್ಟುಕೊಳ್ಳೋಣ. ದಾರಿಯಲ್ಲಿ ವೇಗ ಕುಂದುವುದನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ಮೊದಲನೆಯ ಗುಂಡು ಗುರಿಗಿಂತ ನಾಲ್ಕು ಅಂಗುಲದೊಳಗೆ ಕೆಳಗೆ ತಾಗಿದರೆ, ಎರಡನೆಯದು ಹತ್ತು ಅಂಗುಲ ಕೆಳಗೆ ತಾಗುತ್ತದೆ. ಜಿಂಕೆಯ ಎದೆಗೂಡಿನಲ್ಲಿ ನಾಲ್ಕು ಅಂಗುಲದ ತಪ್ಪು ಸಾವನ್ನೇ ತರುತ್ತದೆ. ಹತ್ತು ಅಂಗುಲದ ತಪ್ಪು ಕಾಲನ್ನು ಮುರಿದು, ಪ್ರಾಣಿಯನ್ನು ನರಳಿಸಿ ಪೊದೆಗೆ ಕಳುಹಿಸುತ್ತದೆ. ಎರಡು ಸಂದರ್ಭಗಳಲ್ಲಿಯೂ ಗುರಿಕಾರನ ಕೈ ಒಂದೇ, ತಪ್ಪಿದ ಅಂದಾಜು ಒಂದೇ. ಬೇರೆಯಾದುದು ಈಡು ಮಾತ್ರ.

ಆದರೆ ಮದ್ದನ್ನು ಮನಬಂದಂತೆ ಹೆಚ್ಚಿಸಲು ಒಂದು ಅಡ್ಡಿಯಿತ್ತು. ಅಂದಿನ ಅನೇಕ ರೈಫಲುಗಳಲ್ಲಿ ತೋಡುಗಳು ಮೂರಡಿಗೆ ಒಂದು ಸುತ್ತಿನಷ್ಟು ಬಿರುಸಾಗಿ ತಿರುಗುತ್ತಿದ್ದವು. ಅಂತಹ ನಳಿಗೆಯಲ್ಲಿ ಭಾರಿ ಮದ್ದು ಸಿಡಿದರೆ ದುಂಡುಗುಂಡು ತೋಡಿನೊಡನೆ ಸುತ್ತಲಾರದೆ, ಅಂಚನ್ನು ಹರಿದುಕೊಂಡು ನೇರವಾಗಿ ಜಾರಿಬಿಡುತ್ತದೆ. ಮದ್ದು ಕಡಮೆಮಾಡಿದರೆ ಗುರಿ ನಿಲ್ಲುತ್ತದೆ, ಪಥ ಬಾಗುತ್ತದೆ. ಹೆಚ್ಚುಮಾಡಿದರೆ ಪಥ ನೆಟ್ಟಗಾಗುತ್ತದೆ, ಗುರಿ ಚದುರುತ್ತದೆ. ಈ ಇಕ್ಕಟ್ಟಿಗೆ ಫಾರ್ಸೈತನು ಸೂಚಿಸಿದ ಪರಿಹಾರವೆಂದರೆ ಸುತ್ತನ್ನೇ ಬಹಳ ಮಂದಗೊಳಿಸುವುದು. ಸುಮಾರು 104 ಅಂಗುಲಕ್ಕೆ ಒಂದು ಸುತ್ತು ಎಂಬ ಪ್ರಮಾಣವು ಅವನ ಹೆಸರಿನೊಡನೆ ಇಂದಿಗೂ ಬಳಕೆಯಲ್ಲಿದೆ. ನೀಳಗುಂಡು ಗಾಳಿಯಲ್ಲಿ ತಲೆಕೆಳಗಾಗದಿರಲು ಬಿರುಸಾದ ಸುತ್ತು ಬೇಕು. ದುಂಡುಗುಂಡಿಗಾದರೋ ತಲೆಯೂ ಇಲ್ಲ, ಬಾಲವೂ ಇಲ್ಲ. ಅದಕ್ಕೆ ಬೇಕಾದುದು ರಾಬಿನ್ಸನು ಕಂಡ ಅಡ್ಡಾದಿಡ್ಡಿ ಸುತ್ತನ್ನು ಅಡಗಿಸುವಷ್ಟು ಮಾತ್ರ.

ಇಲ್ಲೊಂದು ಸ್ವಾರಸ್ಯವನ್ನು ಗಮನಿಸಬಹುದು. 1879ರಲ್ಲಿ ಗಣಿತಜ್ಞ ಗ್ರೀನ್‌ಹಿಲ್ ನೀಳಗುಂಡುಗಳಿಗಾಗಿ ಒಂದು ಸೂತ್ರವನ್ನು ಕೊಟ್ಟನು. ಗುಂಡಿನ ವ್ಯಾಸದ ವರ್ಗವನ್ನು 150ರಿಂದ ಗುಣಿಸಿ ಅದರ ಉದ್ದದಿಂದ ಭಾಗಿಸಿದರೆ ಎಷ್ಟು ಅಂಗುಲಕ್ಕೆ ಒಂದು ಸುತ್ತು ಬೇಕೆಂಬುದು ತಿಳಿಯುತ್ತದೆ. ದುಂಡುಗುಂಡಿನಲ್ಲಿ ಉದ್ದವೂ ವ್ಯಾಸವೂ ಒಂದೇ. 14 ಬೋರಿನ ಗುಂಡಿನ ವ್ಯಾಸ 0.693 ಅಂಗುಲ, ಅದನ್ನು 150ರಿಂದ ಗುಣಿಸಿದರೆ ಬರುವುದು 104. ಸೂತ್ರವು ದುಂಡುಗುಂಡಿಗಾಗಿ ಹುಟ್ಟಿದುದಲ್ಲವಾದ್ದರಿಂದ ಇದನ್ನು ಪ್ರಮಾಣವೆಂದು ಹಿಡಿಯಲಾಗದು. ಆದರೂ ಕಾಡಿನ ಅನುಭವದಿಂದ ದೊರೆತ ಸಂಖ್ಯೆಯೂ ಕಾಗದದ ಮೇಲಿನ ಗಣಿತವೂ ಇಷ್ಟು ಸಮೀಪ ಬಂದುದು ಸಂತೋಷದ ವಿಷಯ.

5. ಈಡನ್ನು ಗೊತ್ತುಮಾಡುವ ಕ್ರಮ

ಯಾವ ಪುಸ್ತಕವೂ ಒಂದು ಕೋವಿಗೆ ಒಪ್ಪುವ ಮದ್ದಿನ ತೂಕವನ್ನು ಮುಂಚಿತವಾಗಿ ಹೇಳಲಾರದು. ಒಂದೇ ಕೋವಿಗಾರನು ಒಂದೇ ಅಳತೆಯಿಂದ ಮಾಡಿದ ಎರಡು ನಳಿಗೆಗಳು ಎರಡು ಈಡುಗಳನ್ನು ಬೇಡುವುದುಂಟು. ಆದುದರಿಂದ ಬಾಯಿಂದ ತುಂಬುವ ಕೋವಿಯ ಕಾಲದಲ್ಲಿ ಈಡನ್ನು ಗೊತ್ತುಮಾಡುವುದು ಬೇಟೆಗಾರನ ಸ್ವಂತ ಹೊಣೆಯಾಗಿತ್ತು. ಕೋವಿಯನ್ನು ಅಲುಗದಂತೆ ಆನಿಸಿ, ಒಂದೇ ದೂರದಲ್ಲಿ ಗುರಿಹಲಗೆ ನಿಲ್ಲಿಸಿ, ಮೊದಲು ಹಗುರವಾದ ಮದ್ದಿನಿಂದ ಐದಾರು ಈಡು ಹಾರಿಸುವುದು. ಬಳಿಕ ಅರ್ಧ ಡ್ರಾಮಿನಂತೆ ಏರಿಸುತ್ತ ಹೋಗುವುದು. ಗುಂಡು, ಬಟ್ಟೆ, ಜಿಡ್ಡು ಇವು ಯಾವುವೂ ಬದಲಾಗಕೂಡದು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಪ್ರತಿ ಈಡಿನ ಬಳಿಕ ನಳಿಗೆಯನ್ನು ಒರೆಸಬೇಕು. ಹೀಗೆ ಮಾಡಿದಾಗ ಹಲಗೆಯ ಮೇಲಿನ ತೂತುಗಳು ಮೊದಮೊದಲು ಒತ್ತಾಗುತ್ತ ಬಂದು, ಒಂದು ಮೇರೆ ದಾಟಿದೊಡನೆ ಮತ್ತೆ ಚದುರತೊಡಗುತ್ತವೆ. ಆ ಮೇರೆಗಿಂತ ಕೊಂಚ ಕೆಳಗಿನ ತೂಕವೇ ಆ ಕೋವಿಯ ಈಡು. ಕೋವಿಗಾರನು ಗೊತ್ತುಮಾಡಿದ ಗರಿಷ್ಠ ಮಿತಿಯನ್ನು ಮೀರುವುದು ಗುರಿಯ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ.

ನೆಲದ ಮೇಲೆ ಬಿದ್ದ ಬಟ್ಟೆಯ ತುಂಡೂ ಸಾಕ್ಷಿ ನುಡಿಯುತ್ತದೆ. ಅದು ಸುಟ್ಟು ತೂತಾಗಿದ್ದರೆ ಬಟ್ಟೆ ತೆಳುವಾಯಿತೆಂದೋ ಗುಂಡು ಸಡಿಲವಾಯಿತೆಂದೋ ತಿಳಿಯಬೇಕು. ಅಂಚಿನಲ್ಲಿ ಕತ್ತರಿಸಿದಂತಿದ್ದರೆ ತೋಡಿನ ಏಣು ಹರಿತವಾಗಿದೆಯೆಂದರ್ಥ. ಗುಂಡು ಮದ್ದಿನ ಮೇಲೆ ಸರಿಯಾಗಿ ಕೂತಿತೆ ಎಂಬುದನ್ನು ಅರಿಯಲು ಗಜಕೋಲಿನ ಮೇಲೆ ಗೆರೆ ಕೊರೆಯುವ ಪದ್ಧತಿಯಿತ್ತು. ಗುಂಡಿಗೂ ಮದ್ದಿಗೂ ನಡುವೆ ತೆರಪು ಉಳಿದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಅತಿಯಾಗಿ ಜಡಿದು ಮದ್ದಿನ ಕಾಳನ್ನು ಪುಡಿಮಾಡಿದರೆ ಅದು ಉರಿಯುವ ಬಗೆಯೇ ಬೇರೆಯಾಗುತ್ತದೆ. ಸಣ್ಣ ಕಾಳಿನ ಮದ್ದು ಥಟ್ಟನೆ ಉರಿದು ನಳಿಗೆಯ ಬುಡವನ್ನು ಹಿಂಸಿಸುತ್ತದೆ. ದಪ್ಪ ಕಾಳಿನದು ನಿಧಾನವಾಗಿ ಉರಿದು ಗುಂಡನ್ನು ತಳ್ಳುತ್ತ ಬರುತ್ತದೆ. ಆದುದರಿಂದ ಹಿರಿಯ ನಳಿಗೆಗೆ ದಪ್ಪ ಕಾಳು, ಕಿರಿಯ ನಳಿಗೆಗೆ ಸಣ್ಣ ಕಾಳು ಎಂಬ ನಿಯಮ ನೆಲೆಸಿತು.

ಸೀಸದ ಹದವೂ ವಿಚಾರಾರ್ಹವೇ. ಮೆದುಸೀಸದ ಗುಂಡು ಮಾಂಸಕ್ಕೆ ತಾಗಿ ಚಪ್ಪಟೆಯಾಗಿ ಅಗಲವಾದ ಗಾಯ ಮಾಡುತ್ತದೆ. ಜಿಂಕೆ ಕಡವೆಗಳಿಗೆ ಇದು ತಕ್ಕುದು. ಕಾಟಿ, ಆನೆಗಳಂತಹ ದಪ್ಪಚರ್ಮದ ಪ್ರಾಣಿಗಳ ಎಲುಬಿನಲ್ಲಿ ಅದೇ ಗುಂಡು ಅರೆದಾರಿಯಲ್ಲೇ ನಿಲ್ಲುತ್ತದೆ. ಅಂತಹ ಬೇಟೆಗೆ ಸೀಸಕ್ಕೆ ತವರವನ್ನೋ ಪಾದರಸವನ್ನೋ ಬೆರೆಸಿ ಗಟ್ಟಿಮಾಡುತ್ತಿದ್ದರು. ಗಟ್ಟಿಗುಂಡು ತೋಡಿಗೆ ಬಗ್ಗುವುದು ಕಡಮೆಯಾದ್ದರಿಂದ ಬಟ್ಟೆಯ ದಪ್ಪವನ್ನು ಮತ್ತೆ ಹೊಂದಿಸಬೇಕಾಗುತ್ತಿತ್ತು. ಒಂದು ಕೊಂಡಿಯನ್ನು ಅಲುಗಿಸಿದರೆ ಸರಪಳಿಯೆಲ್ಲ ಅಲುಗುತ್ತದೆ.

6. ಭಾರಿ ಮೃಗ, ಭಾರಿ ಗುಂಡು

ಪ್ರಮಾಣದ ಈ ವಿಚಾರವು ತುತ್ತತುದಿ ಮುಟ್ಟಿದುದು ಆನೆಯ ಬೇಟೆಯಲ್ಲಿ. ಬಳಿಕ ಆಫ್ರಿಕದ ಶೋಧಕನೆಂದು ಹೆಸರಾದ ಸ್ಯಾಮ್ಯುಯಲ್ ಬೇಕರ್, ಸಿಂಹಳಕ್ಕೆ ಹೋಗುವ ಮುನ್ನ 1840ರಲ್ಲಿ ಬ್ರಿಸ್ಟಲಿನ ಗಿಬ್ಸ್ ಎಂಬ ಕೋವಿಗಾರನಿಂದ ಒಂದು ರೈಫಲ್ ಮಾಡಿಸಿಕೊಂಡನು. ಕೋವಿಯ ತೂಕ 21 ಪೌಂಡು. ಗುಂಡಿನ ತೂಕ 3 ಔನ್ಸ್. ಮದ್ದು 16 ಡ್ರಾಮ್, ಅಂದರೆ ಪೂರ್ತಿ ಒಂದು ಔನ್ಸ್. ಮದ್ದಿನ ತೂಕ ಗುಂಡಿನ ಮೂರನೆಯ ಒಂದು ಪಾಲು. ಎನ್‌ಫೀಲ್ಡಿನ ಎಂಟನೆಯ ಒಂದು ಪಾಲಿನೊಡನೆ ಇದನ್ನು ಹೋಲಿಸಿದರೆ ಸಿಪಾಯಿಯ ದಾರಿಗೂ ಬೇಟೆಗಾರನ ದಾರಿಗೂ ಇದ್ದ ಅಂತರ ವ್ಯಕ್ತವಾಗುತ್ತದೆ. ಬೇಕರನ ನಳಿಗೆಯಲ್ಲಿ ಸುತ್ತು 36 ಅಂಗುಲಕ್ಕೆ ಒಂದರಂತೆ ಬಿರುಸಾಗಿದ್ದರೂ ಗುಂಡು ಜಾರದಿದ್ದುದೇಕೆಂದರೆ, ಆ ಗುಂಡಿಗೆ ಒಡ್ಯಾಣದಂತಹ ಪಟ್ಟಿಯಿದ್ದು ಅದು ಎರಡು ಆಳವಾದ ತೋಡುಗಳಲ್ಲಿ ಕೂರುತ್ತಿತ್ತು. ಫಾರ್ಸೈತನು ಸುತ್ತನ್ನು ಮಂದಗೊಳಿಸಿ ಬಿಡಿಸಿದ ಗಂಟನ್ನು ಬೇಕರನು ಹಿಡಿತವನ್ನು ಬಲಪಡಿಸಿ ಬಿಡಿಸಿದನು.

ಕನ್ನಡನಾಡಿನ ಮಟ್ಟಿಗೆ ಈ ಪರಂಪರೆಯ ಕೊನೆಯ ಪ್ರಸಿದ್ಧ ಪ್ರತಿನಿಧಿ ಜಿ. ಪಿ. ಸ್ಯಾಂಡರ್ಸನ್. ಮೈಸೂರು ಸಂಸ್ಥಾನದ ನೀರಾವರಿ ಇಲಾಖೆಯಲ್ಲಿದ್ದು, ಚಾಮರಾಜನಗರದ ಆಸುಪಾಸಿನ ಕಾಡುಗಳಲ್ಲಿ ನೆಲೆಸಿ, 1874ರಲ್ಲಿ ಖೆಡ್ಡಾ ಪದ್ಧತಿಯಿಂದ ಆನೆಗಳ ಹಿಂಡನ್ನು ಹಿಡಿದವನು ಈತ. 1878ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಆನೆಗೆ ಹಿರಿಯ ಬೋರಿನ ಕೋವಿಯೇ ತಕ್ಕುದೆಂಬ ಅಭಿಪ್ರಾಯ ವ್ಯಕ್ತವಾಗಿದೆ. ಆ ಹೊತ್ತಿಗೆ ಹಿಂಬದಿಯಿಂದ ತೋಟಾ ತುಂಬುವ ಕೋವಿಗಳು ಬಂದಿದ್ದವು. ಆದರೆ ಭಾರವಾದ ಗುಂಡು, ಧಾರಾಳವಾದ ಮದ್ದು, ಸಮೀಪದ ದೂರ ಎಂಬ ಸೂತ್ರ ಹಿಂದಿನದೇ.

7. ಉಪಸಂಹಾರ

1856ರಲ್ಲಿಯೇ ಲಂಡನ್ನಿನ ಪರ್ಡಿ ಎಂಬ ಕೋವಿಗಾರನು ಕಿರಿಯ ಬೋರಿನ ಹಗುರ ನೀಳಗುಂಡಿಗೆ ಭಾರಿ ಮದ್ದನ್ನು ಜೊತೆಮಾಡಿ, ಅದರ ವೇಗವನ್ನು ರೈಲುಬಂಡಿಗೆ ಹೋಲಿಸಿ ‘ಎಕ್ಸ್‌ಪ್ರೆಸ್’ ಎಂದು ಹೆಸರಿಟ್ಟಿದ್ದನು. ಮುಂದೆ ಹಿಂಬದಿಯಿಂದ ತುಂಬುವ ಕೋವಿಗಳೊಡನೆ ಈ ಮಾರ್ಗವೇ ಗೆದ್ದಿತು. ಫಾರ್ಸೈತನ ದುಂಡುಗುಂಡು ಹಿಂದೆ ಸರಿಯಿತು. ಆದರೆ ಸೋತುದು ಅವನ ಗುಂಡೇ ಹೊರತು ಅವನ ತತ್ತ್ವವಲ್ಲ. ‘ಎಕ್ಸ್‌ಪ್ರೆಸ್’ ರೈಫಲಿನ ಜೀವಾಳವಾದ ಚಪ್ಪಟೆ ಪಥವೂ, ಗುಂಡಿಗೆ ಹೋಲಿಸಿದರೆ ಧಾರಾಳವಾದ ಮದ್ದೂ ಅವನು ಪ್ರತಿಪಾದಿಸಿದುವೇ.

ತೋಟಾ ಬಂದ ಮೇಲೆ ಈಡನ್ನು ಕಾರ್ಖಾನೆ ಗೊತ್ತುಮಾಡಿತು. ಬೇಟೆಗಾರನು ಅದನ್ನು ಅಂಗಡಿಯಿಂದ ಕೊಂಡನು. ಬೇಗ ತುಂಬುವ ಅನುಕೂಲದೊಡನೆ ಬೇಗ ಹಾರಿಸುವ ಆತುರವೂ ಬಂದಿತು. ಹಳೆಯ ಕೋವಿಗೆ ಇದ್ದ ದೊಡ್ಡ ಕೊರತೆ, ಎಂದರೆ ಎರಡನೆಯ ಈಡಿಗೆ ಬೇಕಾಗುವ ದೀರ್ಘಕಾಲ, ಒಂದು ಸಂಯಮವೂ ಆಗಿತ್ತು. ಮೊದಲನೆಯದು ವ್ಯರ್ಥವಾದರೆ ಎರಡನೆಯದಿಲ್ಲವೆಂಬ ಅರಿವು ಕೈಯನ್ನು ತಡೆಯುತ್ತಿತ್ತು. ಹುಲಿ ನರಭಕ್ಷಕವಾಗುವುದಕ್ಕೆ ಗಾಯಗಳೇ ಬಹುಮಟ್ಟಿಗೆ ಕಾರಣವೆಂದೂ, ಅಜಾಗರೂಕತೆಯಿಂದ ಹಾರಿಸಿದ ಗುಂಡಿನ ಗಾಯವೂ ಅವುಗಳಲ್ಲೊಂದೆಂದೂ ಜಿಮ್ ಕಾರ್ಬೆಟ್ 1944ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ತಿಳಿಸಿದ್ದಾನೆ. ಹತ್ತು ಅಂಗುಲದ ತಪ್ಪಿಗೆ ಬೆಲೆ ತೆರುವವನು ಗುರಿಕಾರನಲ್ಲ. ಮೊದಲು ಆ ಮೂಕಪ್ರಾಣಿ, ಬಳಿಕ ಸೌದೆಗೋ ಹುಲ್ಲಿಗೋ ಕಾಡಿಗೆ ಹೋದ ಯಾರೋ ಒಬ್ಬ ಹಳ್ಳಿಗ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯ ಯುಗಕ್ಕೆ ತೆರೆಯೆಳೆಯಿತು. ಅದು ಯುಕ್ತವೇ ಆಯಿತು. ಕೋವಿಯಾದರೋ ಒಂದು ಮೂಲೆಯಲ್ಲಿ ಗೌರವದಿಂದ ಉಳಿದಿದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದಿರುವ ಆಯುಧ ಪರವಾನಗಿಯ ವಿನಾಯಿತಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ಎತ್ತಿಹಿಡಿದಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ‘ತೋಕ್’ ಎಂದು ಕರೆಯಲ್ಪಡುವ ಕೋವಿಯು ಹೂವಿನಿಂದ ಅಲಂಕೃತವಾಗಿ ಪೂಜೆಗೊಳ್ಳುತ್ತದೆ. ಗುರಿಯಾಗಿ ನಿಲ್ಲುವುದು ಮೃಗವಲ್ಲ, ತೆಂಗಿನಕಾಯಿ.

ಗುಂಡನ್ನೂ ಮದ್ದನ್ನೂ ಆರಿಸುವ ಈ ಹಳೆಯ ವಿದ್ಯೆಯು ಇಂದು ಬಹುಜನರಿಗೆ ಬೇಕಾದುದಲ್ಲ. ಆದರೂ ಅದರಲ್ಲೊಂದು ಉಳಿಯತಕ್ಕ ಪಾಠವಿದೆ. ಬಲವನ್ನು ಹೆಚ್ಚಿಸಿದ ಮಾತ್ರಕ್ಕೆ ಗುರಿ ಸಿದ್ಧಿಸುವುದಿಲ್ಲ. ನಳಿಗೆ ತಾಳುವಷ್ಟು, ಗುಂಡು ಒಪ್ಪುವಷ್ಟು, ದೂರ ಬೇಡುವಷ್ಟು ಬಲವೇ ಬಲ. ಸೇಂಟ್ ಡೇವಿಡ್ ಕೋಟೆಯಲ್ಲಿ ಮಡಿದ ಗಣಿತಜ್ಞನೂ, ಸಾತ್ಪುರದ ಕಾಡುಗಳಲ್ಲಿ ಅಲೆದ ಅಧಿಕಾರಿಯೂ ತಮ್ಮ ತಮ್ಮ ದಾರಿಯಿಂದ ಬಂದು ಮುಟ್ಟಿದುದು ಈ ಒಂದೇ ಮಾತನ್ನು. ಕನ್ನಡದ ಬೇಟೆಗಾರನು ಅದನ್ನು ‘ಈಡು’ ಎಂಬ ಎರಡಕ್ಷರದಲ್ಲಿ ಮೊದಲೇ ಹಿಡಿದಿಟ್ಟಿದ್ದನು.